ಮುಂಗಾರಿನ ಕಾಡು ಅಣಬೆ: ಛತ್ರಿಯನ್ನಲ್ಲ, ಬುಡವನ್ನು ನೋಡಿ

ರೋಹಿಣಿ ಮಳೆಯ ಗುಡುಗಿನೊಂದಿಗೆ ಬೇಸಿಗೆಯ ಕಾಡಿನ ನೆಲ ತಣಿಯುತ್ತಿದ್ದಂತೆ ಮಲೆನಾಡು ಹಾಗೂ ಕರಾವಳಿಯಲ್ಲಿ ಅಣಬೆಯ ಹುಡುಕಾಟ ಆರಂಭವಾಗುತ್ತದೆ. ಹುತ್ತದ ಅಣಬೆ ಈ ಭಾಗದ ಅಚ್ಚುಮೆಚ್ಚಿನ ಆಹಾರ. ಅದೇ ತೇವದಲ್ಲಿ ವಿಷಕಾರಿ ಅಣಬೆಗಳೂ ಏಳುತ್ತವೆ. ಆದ್ದರಿಂದ ರೈತ ಬಾಂಧವರು ಸಂಗ್ರಹಕ್ಕೆ ಮುನ್ನ ಈ ಕೆಳಗಿನ ಅಂಶಗಳನ್ನು ಗಮನಿಸುವುದು ಅವಶ್ಯ.

ಹುತ್ತದ ಅಣಬೆಯ ಗುರುತು

ಇದು ಟರ್ಮಿಟೊಮೈಸಿಸ್ ಕುಲಕ್ಕೆ ಸೇರಿದ ಶಿಲೀಂಧ್ರ. ಗೆದ್ದಲುಗಳು ಗೂಡಿನೊಳಗೆ ಜೇನಿನ ಎರಿಯನ್ನು ಹೋಲುವ ರಚನೆಗಳನ್ನು ನಿರ್ಮಿಸಿ, ಅವುಗಳ ಮೇಲೆ ಈ ಶಿಲೀಂಧ್ರವನ್ನು ತಮ್ಮ ಆಹಾರಕ್ಕಾಗಿ ಬೆಳೆಸುತ್ತವೆ. ದೊಡ್ಡ ಜಾತಿಗಳಲ್ಲಿ ಕಾಂಡವು ನೆಲದೊಳಗೆ ಬೇರಿನಂತೆ ನೀಳವಾಗಿ ಇಳಿದು ಆ ಎರಿಯನ್ನು ತಲುಪಿರುತ್ತದೆ. ಛತ್ರಿಯ ನಡುವೆ ಸಾಮಾನ್ಯವಾಗಿ ಮೊನಚಾದ ಉಬ್ಬು ಇರುತ್ತದೆ.

ವಿಷಕಾರಿ ಅಮಾನಿಟಾ ಅಣಬೆಯ ಬುಡದಲ್ಲಿ ಚೀಲದಂತಹ ಪೊರೆ ಇರುತ್ತದೆ. ಕಾಂಡವನ್ನು ನೆಲಮಟ್ಟದಲ್ಲಿ ಕತ್ತರಿಸಿದರೆ ಈ ಚೀಲ ಮಣ್ಣಿನಲ್ಲೇ ಉಳಿದು ಮುಖ್ಯ ಗುರುತು ತಪ್ಪಿಹೋಗುತ್ತದೆ. ಆದ್ದರಿಂದ ಪ್ರತಿ ಗುಂಪಿನಲ್ಲಿ ಕನಿಷ್ಠ ಒಂದು ಅಣಬೆಯನ್ನಾದರೂ ಬುಡಸಹಿತ ನಿಧಾನವಾಗಿ ಅಗೆದು ಪರೀಕ್ಷಿಸಿರಿ.

ಬೀಜಾಣು ಪರೀಕ್ಷೆ

ಬಲಿತ ಛತ್ರಿಯನ್ನು ಬಿಳಿ ಹಾಗೂ ಕಪ್ಪು ಕಾಗದಗಳ ಅಂಚು ಸೇರುವಲ್ಲಿ ಕವುಚಿಟ್ಟು, ಪಾತ್ರೆಯಿಂದ ಮುಚ್ಚಿ, ಕೆಲವು ಗಂಟೆಗಳ ನಂತರ ನೋಡಿರಿ. ಹುತ್ತದ ಅಣಬೆ ತಿಳಿಗುಲಾಬಿ ಪುಡಿಯನ್ನೂ ಅಮಾನಿಟಾ ಬಿಳಿ ಪುಡಿಯನ್ನೂ ಉದುರಿಸುತ್ತವೆ. ಹುಲ್ಲುಹಾಸಿನಲ್ಲಿ ಬೆಳೆಯುವ, ವಾಂತಿ ತರಿಸುವ ಕ್ಲೋರೊಫಿಲಮ್ ಅಣಬೆಯ ಪುಡಿ ಹಸಿರು. ಆದರೆ ಕೆಲವು ವಿಷ ಅಣಬೆಗಳ ಪುಡಿಯೂ ಗುಲಾಬಿಯಾಗಿರುವುದರಿಂದ ಬಣ್ಣವೊಂದನ್ನೇ ನಂಬಬಾರದು. ಎಲ್ಲ ಗುರುತುಗಳೂ ಹೊಂದಬೇಕು. ಒಂದು ತಪ್ಪಿದರೂ ಬಿಸಾಡಿರಿ.

ತಪ್ಪು ನಂಬಿಕೆಗಳು

• ಬೆಳ್ಳಿ ಚಮಚ ಅಥವಾ ಬೆಳ್ಳುಳ್ಳಿ ಕಪ್ಪಾಗದಿದ್ದರೆ ವಿಷವಿಲ್ಲ ಎಂಬುದು ಸುಳ್ಳು.
• ಹುಳು, ಬಸವನಹುಳು ತಿಂದ ಅಣಬೆ ಮನುಷ್ಯರಿಗೂ ಸುರಕ್ಷಿತ ಎನ್ನಲಾಗದು.
• ಅಮಾಟಾಕ್ಸಿನ್ ವಿಷವು ಬೇಯಿಸಿದರೂ ಒಣಗಿಸಿದರೂ ನಾಶವಾಗದು. ಇಂತಹ ಒಂದೇ ಅಣಬೆ ಪ್ರಾಣಕ್ಕೆ ಎರವಾಗಬಲ್ಲದು; ಆದ್ದರಿಂದ ರುಚಿ ನೋಡಿ ಪರೀಕ್ಷಿಸಬಾರದು.

ವಿಷಬಾಧೆಯಾದಲ್ಲಿ

ಅಮಾಟಾಕ್ಸಿನ್ ಲಕ್ಷಣಗಳು ಊಟವಾದ ಕೂಡಲೇ ಕಾಣಿಸುವುದಿಲ್ಲ. ಸಾಮಾನ್ಯವಾಗಿ 6 ರಿಂದ 24 ಗಂಟೆಗಳ ನಂತರ ಹೊಟ್ಟೆನೋವು, ವಾಂತಿ, ಭೇದಿ ಆರಂಭವಾಗುತ್ತವೆ. ಬಳಿಕ ರೋಗಿ ಚೇತರಿಸಿಕೊಂಡಂತೆ ತೋರಬಹುದು. ಆದರೆ ಆ ಹೊತ್ತಿಗೆ ಯಕೃತ್ತು ಹಾಳಾಗುತ್ತಿರುತ್ತದೆ. ಈ ಸುಳ್ಳು ನೆಮ್ಮದಿಗೆ ಮೋಸಹೋಗದಿರಿ. ಮನೆಮದ್ದಿನಲ್ಲಿ ಕಾಲ ಕಳೆಯದೆ 108 ವಾಹನದ ನೆರವಿನಿಂದ ತಕ್ಷಣ ಆಸ್ಪತ್ರೆಗೆ ಸೇರಿಸಿರಿ. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಅದೇ ಅಡುಗೆ ಉಂಡ ಇತರರು ಆರೋಗ್ಯವಾಗಿ ಕಂಡರೂ ಅವರನ್ನೂ ತಪಾಸಣೆಗೆ ಕರೆದೊಯ್ಯಿರಿ.

ಸಂಗ್ರಹದ ಕ್ರಮ

ಹುತ್ತವನ್ನು ಒಡೆಯಬಾರದು, ಕೀಟನಾಶಕ ಸುರಿಯಬಾರದು. ಗೂಡು ಉಳಿದರೆ ಮುಂದಿನ ಮಳೆಗಾಲದಲ್ಲೂ ಅದೇ ಜಾಗದಲ್ಲಿ ಅಣಬೆ ಏಳಬಹುದು. ಮೊಗ್ಗುಗಳನ್ನೂ ಕೆಲವು ಅರಳಿದ ಅಣಬೆಗಳನ್ನೂ ಬೀಜಾಣು ಪ್ರಸಾರಕ್ಕೆ ಬಿಡಿರಿ. ಅಭಯಾರಣ್ಯ ಹಾಗೂ ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿಯಿಲ್ಲದೆ ಸಂಗ್ರಹಿಸುವಂತಿಲ್ಲ. ಗುರುತು ಬಲ್ಲ ಅನುಭವಿಗಳು ಜೊತೆಗಿಲ್ಲದವರು ಭತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆದುಕೊಳ್ಳುವುದು ಸೂಕ್ತ.