ಬಾಣಕ್ಕೆ ಬಾಲ ಏಕೆ ಬೇಕು?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತದ ಯುದ್ಧಗಳು ಒಂಬೈನೂರು ವರ್ಷಗಳಿಂದ ಕಲ್ಲಿನಲ್ಲಿ ನಡೆಯುತ್ತಲೇ ಇವೆ. ರಥ, ಆನೆ, ಸೆಳೆದು ಹಿಡಿದ ಬಿಲ್ಲು. ಆ ಗೋಡೆಯ ಮುಂದೆ ನಿಂತಿರುವ ಮಗುವನ್ನು ಕೇಳಿ: ಬಾಣದ ತುದಿಗೆ ಲೋಹದ ಅಲಗು ಏಕೆ? ಚುಚ್ಚುವುದಕ್ಕೆ ಎಂದು ಥಟ್ಟನೆ ಉತ್ತರ ಬರುತ್ತದೆ. ಹಿಂತುದಿಗೆ ಹಕ್ಕಿಯ ಗರಿ ಕಟ್ಟುವುದು ಏಕೆ? ಈಗ ಮಗು ಯೋಚಿಸುತ್ತದೆ. ಬಾಣವನ್ನು ಹಾರಿಸುವುದು ಬಿಲ್ಲು, ಚುಚ್ಚುವುದು ಅಲಗು. ಹಾಗಾದರೆ ಗರಿಗೆ ಉಳಿದ ಕೆಲಸ ಯಾವುದು?

ಉತ್ತರ ಹುಡುಕಲು ಒಂದು ಎ4 ಹಾಳೆ, ಕತ್ತರಿ, ಅಂಟು ಸಾಕು. ಕಾಗದದ ರಾಕೆಟ್ಟಿನ ನಕ್ಷೆಗಳು ಇಂದು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತವೆ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಶಾಲಾ ಮಕ್ಕಳಿಗಾಗಿಯೇ ಇಂಥ ನಕ್ಷೆ ಕೊಡುತ್ತದೆ. ಮುದ್ರಿಸು, ಕತ್ತರಿಸು, ಸುತ್ತು, ಅಂಟಿಸು, ಹಾರಿಸು. ಬೆಂಕಿ ಬೇಡ, ಮದ್ದು ಬೇಡ. ಬಾಟಲಿಯನ್ನು ಕಾಲಿನಿಂದ ತುಳಿದರೆ ಪೈಪಿನಿಂದ ಹೊಮ್ಮುವ ಗಾಳಿಯೇ ಇದರ ಬಲ.

ಬೇಸಿಗೆ ರಜೆಯಲ್ಲಿ ಅರಸೀಕೆರೆಯ ಬಯಲಿನಲ್ಲಿ ಮಕ್ಕಳ ಜೊತೆ ಇದನ್ನು ಮಾಡಲು ಕೂತಾಗ ನಮ್ಮ ಮೊದಲ ರಾಕೆಟ್ಟು ಹಾರುವುದಿರಲಿ, ಪೈಪಿನ ಮೇಲೆ ಇಳಿಯಲೇ ಇಲ್ಲ. ನಕ್ಷೆಯ ಗೆರೆಗೆ ಗೆರೆ ಕೂಡಿಸಿ ಅಂಟಿಸಿದ್ದೆವು. ತಪ್ಪು ಎಲ್ಲಿ? ಅಮೆರಿಕದ ನಕ್ಷೆಗಳನ್ನು ಬರೆದಿರುವುದು ಅಲ್ಲಿನ ಲೆಟರ್ ಹಾಳೆಗೆ. ಅದರ ಅಗಲ 216 ಮಿ.ಮೀ. ನಮ್ಮ ಎ4 ಹಾಳೆಯ ಅಗಲ 210 ಮಿ.ಮೀ. ಪ್ರಿಂಟರಿಗೆ ‘ಹಾಳೆಗೆ ಹೊಂದಿಸು’ ಎಂದು ಹೇಳಿದರೆ ಅದು ಇಡೀ ಚಿತ್ರವನ್ನು ನೂರಕ್ಕೆ ಮೂರರಷ್ಟು ಕುಗ್ಗಿಸುತ್ತದೆ. 22 ಮಿ.ಮೀ. ವ್ಯಾಸದ ಕೊಳವೆ 21.3 ಆಗುತ್ತದೆ. ಕಣ್ಣಿಗೆ ಕಾಣದ ಈ ವ್ಯತ್ಯಾಸ ಪೈಪಿಗೆ ಗೊತ್ತಾಗುತ್ತದೆ. ಹಾಗಾಗಿ ಜೆರಾಕ್ಸ್ ಅಂಗಡಿಯಲ್ಲಿ ‘ನೂರಕ್ಕೆ ನೂರು ಅಳತೆಯಲ್ಲೇ ತೆಗೆಯಿರಿ’ ಎಂದು ಕೇಳಬೇಕು. ಬಂದ ಹಾಳೆಯ ಮೇಲೆ ಸ್ಕೇಲಿಟ್ಟು ನೋಡಬೇಕು. ರಾಕೆಟ್ ವಿಜ್ಞಾನದ ಮೊದಲ ಪಾಠ ಅಲ್ಲೇ ಮುಗಿಯುತ್ತದೆ.

ಎರಡನೆಯದು ತೂಕದ ಪಾಠ. ಹದಿನಾರು ಎ4 ಹಾಳೆಗಳನ್ನು ಜೋಡಿಸಿದರೆ ಸರಿಯಾಗಿ ಒಂದು ಚದರ ಮೀಟರ್. ಪೊಟ್ಟಣದ ಮೇಲೆ 80 ಜಿಎಸ್‌ಎಂ ಎಂದಿದ್ದರೆ ಅಷ್ಟು ಕಾಗದ 80 ಗ್ರಾಂ ತೂಗುತ್ತದೆ ಎಂದರ್ಥ. ಅಂದರೆ ಒಂದು ಹಾಳೆ 5 ಗ್ರಾಂ. ತಕ್ಕಡಿಯಿಲ್ಲದೆಯೇ ತೂಕ ತಿಳಿಯಿತು.

ಮನೆಗೆ ನೀರೆಳೆಯುವ ಅರ್ಧ ಇಂಚಿನ ಪಿವಿಸಿ ಪೈಪಿನ ಹೊರವ್ಯಾಸ ಸುಮಾರು 21 ಮಿ.ಮೀ. ಅದರ ಮೇಲೆ ಹಾಳೆಯನ್ನು ಉದ್ದಕ್ಕೆ, ತೀರಾ ಬಿಗಿಯಾಗದಂತೆ ಸುತ್ತಿದರೆ ಮೂರು ಸುತ್ತಿನ ಗಟ್ಟಿ ಕೊಳವೆಯಾಗುತ್ತದೆ. ಉದ್ದ 30 ಸೆಂ.ಮೀ.ಗೆ ಕೊಂಚ ಕಡಿಮೆ. ಮೂತಿಗೆ 44 ಮಿ.ಮೀ. ತ್ರಿಜ್ಯದ ವೃತ್ತ ಬರೆದು, ಅದರ ಕಾಲು ಭಾಗ ಕತ್ತರಿಸಿ ಸುರುಳಿ ಮಾಡಿ. ಬುಡದ ವ್ಯಾಸ ತಾನಾಗಿ 22 ಮಿ.ಮೀ. ಬರುತ್ತದೆ. ಕಾಲು ವೃತ್ತದ ಬಾಗಿದ ಅಂಚೇ ಶಂಕುವಿನ ಬುಡದ ಸುತ್ತಳತೆಯಾಗುವುದರಿಂದ ಬುಡದ ತ್ರಿಜ್ಯವೂ ಕಾಲು ಭಾಗವೇ, 11 ಮಿ.ಮೀ. ಪಠ್ಯಪುಸ್ತಕದ ಶಂಕು ಕೈಗೆ ಸಿಕ್ಕ ಮಕ್ಕಳ ಮುಖ ನೋಡಬೇಕು.

ರೆಕ್ಕೆಗಳಿಗೆ ಹಳೆಯ ಲಗ್ನಪತ್ರಿಕೆಯ ರಟ್ಟು ಚೆನ್ನ. ಮೂರು ರೆಕ್ಕೆ ಸಾಕು, ಆದರೆ ಮೂರೂ ಸಮಾನ ಅಂತರದಲ್ಲಿರಬೇಕು. ಕೊಳವೆಯ ಸುತ್ತ ಒಂದು ಕಾಗದದ ಪಟ್ಟಿ ಸುತ್ತಿ, ಬಿಚ್ಚಿ, ಮೂರು ಮಡಿಕೆ ಮಾಡಿ ಗುರುತು ಹಾಕಿಕೊಳ್ಳಿ. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರದಂಥ ತಳವಿನ್ಯಾಸ ನೋಡಿದವರಿಗೆ ಈ ಲೆಕ್ಕ ಹೊಸದಲ್ಲ. ಒಂದು ಚೌಕವನ್ನು ಅದೇ ಕೇಂದ್ರದ ಸುತ್ತ 22.5 ಡಿಗ್ರಿಯಷ್ಟು ತಿರುಗಿಸುತ್ತಾ ನಾಲ್ಕು ಬಾರಿ ಬರೆಯಿರಿ. ಹದಿನಾರು ಮೂಲೆಯ ನಕ್ಷತ್ರ ಮೂಡುತ್ತದೆ. ಕೇಂದ್ರ ಒಂದೇ ಆಗಿದ್ದು ಕೋನಗಳು ಸಮವಾಗಿದ್ದರೆ ಮಾತ್ರ ಅದು ಕೂಡಿಬರುತ್ತದೆ. ಕಲ್ಲಿನಲ್ಲಿ ತಪ್ಪಿದರೆ ಅಂದ ಕೆಡುತ್ತದೆ. ರಾಕೆಟ್ಟಿನಲ್ಲಿ ತಪ್ಪಿದರೆ ಗಾಳಿ ಒಂದೇ ಬದಿಗೆ ತಳ್ಳಿ ಅದನ್ನು ಸುತ್ತಿ ಬೀಳಿಸುತ್ತದೆ.

ಹಾರಿಸುವ ಯಂತ್ರ ಇನ್ನೂ ಸರಳ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಬಾಯಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು, ಟ್ಯೂಬಿನ ಇನ್ನೊಂದು ತುದಿಗೆ ಪಿವಿಸಿ ಪೈಪು. ನೆಟ್ಟಗೆ ನಿಲ್ಲಿಸಿದ ಪೈಪಿನ ಮೇಲೆ ರಾಕೆಟ್ಟನ್ನು ಟೋಪಿಯಂತೆ ಇಳಿಸಿ, ಬಾಟಲಿಯನ್ನು ಒಮ್ಮೆ ಜೋರಾಗಿ ತುಳಿಯಿರಿ. ಬಾಟಲಿಯೊಳಗೆ ವಾಯುಮಂಡಲದ ಮೂರನೇ ಒಂದರಷ್ಟು ಹೆಚ್ಚುವರಿ ಒತ್ತಡ ಹುಟ್ಟಿತು ಎಂದಿಟ್ಟುಕೊಳ್ಳೋಣ. ಪೈಪಿನ ಬಾಯಿಯ ಸುಮಾರು ಮೂರೂವರೆ ಚದರ ಸೆಂ.ಮೀ. ಜಾಗದಲ್ಲಿ ಅದು 12 ನ್ಯೂಟನ್ ಬಲ, ಅಂದರೆ 1.2 ಕಿಲೋ ತೂಕವನ್ನು ಎತ್ತಿ ಹಿಡಿಯುವಷ್ಟು. ಮೂತಿ, ರೆಕ್ಕೆ, ಅಂಟು ಎಲ್ಲ ಸೇರಿ 8 ಗ್ರಾಂ ತೂಗುವ ರಾಕೆಟ್ಟಿಗೆ ಅದು ಸ್ವಂತ ತೂಕದ ನೂರೈವತ್ತು ಪಟ್ಟು! ಪೈಪು ಬಿಡುವ ಹೊತ್ತಿಗೆ ವೇಗ ಸೆಕೆಂಡಿಗೆ 20 ಮೀಟರ್ ಇದ್ದರೆ, ಗಾಳಿಯ ತಡೆ ಲೆಕ್ಕಕ್ಕೆ ಹಿಡಿಯದಿದ್ದಾಗ, ಅದು ಏರುವ ಎತ್ತರ 20 ಮೀಟರ್. ಅರಸೀಕೆರೆಯ ತೋಟಗಳ ಎತ್ತರದ ತೆಂಗಿನ ಮರದಷ್ಟು.

ನಿಜವಾದ ಎತ್ತರ ತಿಳಿಯಲು ಗಡಿಯಾರ ಸಾಕು. ಹೊರಟಲ್ಲಿಂದ ನೆಲ ಮುಟ್ಟುವವರೆಗಿನ ಸೆಕೆಂಡುಗಳನ್ನು ಅವುಗಳಿಂದಲೇ ಗುಣಿಸಿ, ಮತ್ತೆ 1.2ರಿಂದ ಗುಣಿಸಿ, ಹೆಚ್ಚುಕಡಿಮೆ ಮೀಟರಿನಲ್ಲಿ ಎತ್ತರ ಸಿಗುತ್ತದೆ. ನಾಲ್ಕು ಸೆಕೆಂಡಿಗೆ ಸುಮಾರು 19 ಮೀಟರ್.

ಇನ್ನು ಗರಿಯ ಪ್ರಶ್ನೆ. ರೆಕ್ಕೆಯನ್ನೇ ಅಂಟಿಸದ ಕೊಳವೆಯೊಂದನ್ನು ಮಕ್ಕಳು ಹಾರಿಸಿದರು. ಅದು ಮೂರು ಮೀಟರ್ ಏರುವಷ್ಟರಲ್ಲಿ ಪಲ್ಟಿ ಹೊಡೆದು ಎಲೆಯಂತೆ ಬಿತ್ತು. ಬಲ ಅಷ್ಟೇ, ತೂಕ ಇನ್ನೂ ಕಡಿಮೆ, ಆದರೂ ಸೋಲು. ಏಕೆ?

ಗಾಳಿಯಲ್ಲಿರುವ ಯಾವ ವಸ್ತುವೂ ತಿರುಗುವುದು ತನ್ನ ಗುರುತ್ವ ಕೇಂದ್ರದ ಸುತ್ತ. ರಾಕೆಟ್ಟನ್ನು ಬೆರಳ ಮೇಲೆ ಅಡ್ಡಲಾಗಿಟ್ಟಾಗ ಎತ್ತ ಕಡೆಗೂ ವಾಲದೆ ನಿಲ್ಲುವ ಜಾಗವೇ ಅದು. ಇನ್ನೊಂದು ಬಿಂದುವಿದೆ: ಒತ್ತಡ ಕೇಂದ್ರ. ರಾಕೆಟ್ಟು ಕೊಂಚ ವಾಲಿದಾಗ ಅದರ ಪಕ್ಕಕ್ಕೆ ಬಡಿಯುವ ಗಾಳಿಯ ತಳ್ಳಾಟವೆಲ್ಲ ಒಟ್ಟುಗೂಡಿ ಕೆಲಸ ಮಾಡುವ ಜಾಗ ಅದು. ಒತ್ತಡ ಕೇಂದ್ರ ಗುರುತ್ವ ಕೇಂದ್ರಕ್ಕಿಂತ ಹಿಂದಿದ್ದರೆ ಗಾಳಿ ಬಾಲವನ್ನು ತಳ್ಳಿ ಮೂತಿಯನ್ನು ದಾರಿಗೆ ತರುತ್ತದೆ. ಮುಂದಿದ್ದರೆ ಅದೇ ಗಾಳಿ ಮೂತಿಯನ್ನು ಇನ್ನಷ್ಟು ವಾಲಿಸಿ ಕೆಡವುತ್ತದೆ. ರೆಕ್ಕೆಗಳನ್ನು ಹಿಂತುದಿಯಲ್ಲೇ ಅಂಟಿಸುವುದಕ್ಕೂ ಕಾರಣವಿದೆ: ತಿರುಗಣಿಯ ಹತ್ತಿರ ತಳ್ಳಿದರೆ ಮಿಸುಕದ ಬಾಗಿಲು ಅಂಚಿನಲ್ಲಿ ಒಂದು ಬೆರಳಿಗೇ ತೆರೆದುಕೊಳ್ಳುತ್ತದಲ್ಲ, ಹಾಗೆಯೇ ಇದು.

ಈ ಎರಡು ಬಿಂದುಗಳ ನಡುವೆ ಕೊಳವೆಯ ಒಂದು ವ್ಯಾಸದಷ್ಟಾದರೂ, ನಮ್ಮ ಲೆಕ್ಕದಲ್ಲಿ ಎರಡು ಸೆಂ.ಮೀ.ಗಿಂತ ಹೆಚ್ಚು, ಅಂತರವಿರಬೇಕು ಎಂಬುದು ಮಾದರಿ ರಾಕೆಟ್ ಕಟ್ಟುವವರ ರೂಢಿ. ನಾಸಾದ ಎಂಜಿನಿಯರ್ ಜೇಮ್ಸ್ ಬ್ಯಾರೊಮನ್ 1966ರಲ್ಲಿ ಒತ್ತಡ ಕೇಂದ್ರವನ್ನು ಲೆಕ್ಕದಿಂದಲೇ ಕಂಡುಹಿಡಿಯುವ ಸೂತ್ರಗಳನ್ನು ಹವ್ಯಾಸಿಗಳ ಕೈಗೆ ಕೊಟ್ಟರು. ಅದಕ್ಕೂ ಹಿಂದಿನ ಉಪಾಯ ಮಕ್ಕಳಿಗೆ ಸುಲಭ: ರಾಕೆಟ್ಟಿನ ಪಕ್ಕನೋಟದ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ಸ್ಕೇಲಿನ ಅಂಚಿನ ಮೇಲೆ ತೂಗಿ. ರಟ್ಟು ಸಮತೋಲ ನಿಲ್ಲುವ ಜಾಗ ಒತ್ತಡ ಕೇಂದ್ರದ ಒಳ್ಳೆಯ ಅಂದಾಜು.

ಅಂತರ ಸಾಲದಿದ್ದರೆ ಎರಡು ದಾರಿ. ರೆಕ್ಕೆ ದೊಡ್ಡದು ಮಾಡಬಹುದು. ಆದರೆ ಅತಿಯಾದರೆ ರಾಕೆಟ್ಟು ಗಾಳಿ ಬೀಸಿ ಬರುವ ಕಡೆಗೇ ಮೂತಿ ತಿರುಗಿಸಿಬಿಡುತ್ತದೆ. ಆಷಾಢದ ಗಾಳಿಯಲ್ಲಿ ಹಾರಿಸಿದವರಿಗೆ ಇದು ಗೊತ್ತು. ಇಲ್ಲವೇ ಮೂತಿಯೊಳಗೆ ಒಂದೆರಡು ಗ್ರಾಂ ಜೇಡಿಮಣ್ಣು ಮೆತ್ತಬಹುದು. ತೂಕ ಹೆಚ್ಚಿಸಿದರೆ ಎತ್ತರ ಹೆಚ್ಚುವುದೆಂದು ಯಾರೂ ನಂಬುವುದಿಲ್ಲ. ನಂಬದ ಮಕ್ಕಳು ಮಣ್ಣಿಟ್ಟು ತುಳಿದರು. ಪಲ್ಟಿ ಹೊಡೆಯುತ್ತಿದ್ದ ರಾಕೆಟ್ಟು ನೆಟ್ಟಗೆ ಏರಿತು. ತೆಂಗಿನ ಗರಿಯ ಕಡ್ಡಿಯ ಒಂದು ತುದಿಗೆ ಮಣ್ಣಿನ ಉಂಡೆ ಮೆತ್ತಿ ಎಸೆದು ನೋಡಿ. ಹೇಗೆ ಎಸೆದರೂ ಉಂಡೆಯೇ ಮುಂದಾಗುತ್ತದೆ. ಬಾಣದ ಅಲಗು ಚುಚ್ಚುವುದಕ್ಕಷ್ಟೇ ಇರುವುದಲ್ಲ. ಭಾರವನ್ನು ಮುಂದಕ್ಕೆ ತರುವುದೂ ಅದೇ. ಗರಿ ಗಾಳಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಎರಡೂ ಸೇರಿದಾಗಲೇ ಗುರಿ.

ಬೆಂಕಿಯ ರಾಕೆಟ್ಟಿನ ಕಥೆಯಲ್ಲೂ ಇದೇ ಹುಡುಕಾಟವಿದೆ. ಹೈದರಾಲಿ, ಟಿಪ್ಪುವಿನ ಕಾಲದ ಮೈಸೂರಿನ ರಾಕೆಟ್ಟುಗಳು ಕಬ್ಬಿಣದ ಕೊಳವೆಯವು. ಮದ್ದಿನ ಹೆಚ್ಚಿನ ಒತ್ತಡವನ್ನು ಕಬ್ಬಿಣ ತಡೆಯುತ್ತಿದ್ದುದರಿಂದ ಅವು ದೂರ ಹೋಗುತ್ತಿದ್ದವು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ಅಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಹೊರಬಂದವು. ಅವನ್ನು ನೆಟ್ಟಗೆ ಇಡುತ್ತಿದ್ದುದು ಹಿಂದೆ ಕಟ್ಟಿದ ಉದ್ದನೆಯ ಬಿದಿರು. ದೀಪಾವಳಿ ರಾಕೆಟ್ಟಿನ ಕಡ್ಡಿ, ಗಾಳಿಪಟದ ಬಾಲಂಗೋಚಿ, ಎಲ್ಲವೂ ಬಾಲದ ಕೆಲಸವನ್ನೇ ಮಾಡುವಂಥವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಹೋದ ಮೈಸೂರಿನ ರಾಕೆಟ್ಟುಗಳನ್ನು ಆಧರಿಸಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ಟು ಮಾಡಿದ. ಕೋಲು ಹಾಗೇ ಉಳಿಯಿತು. 1844ರಲ್ಲಿ ವಿಲಿಯಂ ಹೇಲ್ ಕೋಲನ್ನು ಬಿಟ್ಟು, ರಾಕೆಟ್ಟನ್ನೇ ಬುಗುರಿಯಂತೆ ತಿರುಗಿಸಿ ನೆಟ್ಟಗೆ ನಿಲ್ಲಿಸಿದ. ನಿಮ್ಮ ಕಾಗದದ ರೆಕ್ಕೆಗಳನ್ನು ಮೂರೂ ಒಂದೇ ಕಡೆಗೆ ಕೂದಲೆಳೆಯಷ್ಟು ಓರೆ ಮಾಡಿದರೆ ಹೇಲ್‌ನ ಉಪಾಯ ಕಣ್ಣೆದುರೇ ಕಾಣುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ನಮ್ಮ ಕಾಗದದ ರಾಕೆಟ್ಟಿಗೆ ಬಲ ಸಿಗುವುದು ಪೈಪಿನ ಮೇಲಿರುವಷ್ಟು ಹೊತ್ತು ಮಾತ್ರ. ಆಮೇಲೆ ಅದು ಊದುಗೊಳವೆಯಿಂದ ಹೊರಟ ಬಾಣ. ನಿಜವಾದ ರಾಕೆಟ್ಟು ಇಂಧನವನ್ನು ಹೊತ್ತೊಯ್ದು, ಅದನ್ನೇ ಹಿಂದಕ್ಕೆ ಎಸೆಯುತ್ತಾ ಮುಂದೆ ಹೋಗುತ್ತದೆ. ಆ ಆಸೆಗೆ ಪಟಾಕಿಯ ಮದ್ದನ್ನು ಕಾಗದದ ಕೊಳವೆಗೆ ತುಂಬುವ ಕೆಲಸ ಖಂಡಿತ ಬೇಡ. ಗಾಳಿಯ ರಾಕೆಟ್ಟಿಗೂ ಶಿಸ್ತು ಬೇಕು: ಮೂತಿಯ ತುದಿಗೆ ಹತ್ತಿ ಸುತ್ತಿ, ಪೈಪಿನ ಮೇಲೆ ಯಾರೂ ಬಗ್ಗದಿರಲಿ, ಬಯಲಿನಲ್ಲೇ ಹಾರಿಸಿ. ಬೇಲೂರು, ಹಳೇಬೀಡಿನ ದೇವಾಲಯಗಳು 2023ರಿಂದ ವಿಶ್ವ ಪರಂಪರೆಯ ತಾಣಗಳು. ಅಲ್ಲಿನ ಹುಲ್ಲುಹಾಸು ನೋಡಿ ಆಸೆಯಾದರೂ ಶಾಲೆಯ ಮೈದಾನವೇ ಸರಿಯಾದ ಜಾಗ. ಬೇಲೂರಿನ ಮಳೆಗಾಲದ ತೇವಕ್ಕೆ ಕಾಗದ ಮೆತ್ತಗಾಗುತ್ತದೆ. ಬಿಸಿಲು ಬಿದ್ದ ದಿನ ನೋಡಿಕೊಳ್ಳಿ.

ಗಾಳಿಯೇ ಇಲ್ಲದ ಕಡೆ ಬಾಲ ಏನು ಮಾಡೀತು? ಏನೂ ಇಲ್ಲ. ಹಾಗಾದರೆ ಅಲ್ಲಿ ಮೂತಿಯನ್ನು ದಾರಿಗೆ ತರುವುದು ಯಾವುದು? ಉತ್ತರ ಹಳೇಬೀಡು, ಅರಸೀಕೆರೆಗಳಿರುವ ಹಾಸನ ಜಿಲ್ಲೆಯಲ್ಲೇ ಇದೆ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ 1982ರಲ್ಲಿ ಇನ್ಸಾಟ್-1ಎ ಕಾಲದಿಂದ ನಮ್ಮ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ರಾಕೆಟ್ಟು ಉಪಗ್ರಹವನ್ನು ಮೊಟ್ಟೆಯಾಕಾರದ ಕಕ್ಷೆಯಲ್ಲಿ ಬಿಟ್ಟ ಮೇಲೆ, ಅದರೊಳಗಿನ 440 ನ್ಯೂಟನ್ನಿನ ಎಂಜಿನ್ನಿಗೆ ಹಾಸನದಿಂದ ಆಜ್ಞೆ ಹೋಗುತ್ತದೆ. ಸುಮಾರು 45 ಕಿಲೋ ಎತ್ತುವಷ್ಟು ಬಲ. ಅದನ್ನೇ ಹೊತ್ತು ನೋಡಿ ಉರಿಸುತ್ತಾ ಉಪಗ್ರಹವನ್ನು 36,000 ಕಿ.ಮೀ. ಎತ್ತರದ ಕಕ್ಷೆಗೆ ಸೇರಿಸುತ್ತಾರೆ. ಅಲ್ಲಿ ಮೂತಿ ಎತ್ತ ಇರಬೇಕು ಎಂಬುದನ್ನು ಪುಟ್ಟ ಅನಿಲ ಚಿಮ್ಮುಗಳೂ ಒಳಗೆ ತಿರುಗುವ ಚಕ್ರಗಳೂ ಕಾಯುತ್ತವೆ. ಬಲ ಎಷ್ಟೇ ಇರಲಿ, ಎತ್ತ ಮುಖ ಮಾಡಿ ನಿಂತಿದ್ದೇವೆ ಎಂಬುದು ಮೊದಲು ಸರಿಯಾಗಬೇಕು. ಹಾಸನದ ಪರದೆಗಳ ಮುಂದೆ ಕೂತವರ ಚಿಂತೆಯೂ ಅದೇ, ಅರಸೀಕೆರೆಯ ಬಯಲಿನ ಮಗುವಿನದೂ ಅದೇ.

ಆದ್ದರಿಂದ ನಿಮ್ಮ ಕಾಗದದ ರಾಕೆಟ್ಟು ಪಲ್ಟಿ ಹೊಡೆದು ಬಿದ್ದರೆ, ಬಾಟಲಿಯನ್ನು ಇನ್ನೂ ಜೋರಾಗಿ ತುಳಿಯಬೇಡಿ. ಅದನ್ನು ಎತ್ತಿಕೊಂಡು ಬನ್ನಿ, ಬೆರಳ ಮೇಲೆ ಅಡ್ಡಲಾಗಿಟ್ಟು ತೂಗಿ ನೋಡಿ. ಚಿಟಿಕೆ ಮಣ್ಣು ಎಲ್ಲಿಗೆ ಬೇಕೆಂದು ಅದೇ ಹೇಳುತ್ತದೆ.