ಬಿಸಿನೀರಿನ ಜಾಡು ಹಿಡಿದು

ಬಿಸಿಲು ಚೆನ್ನಾಗಿದೆ, ಸೋಲಾರ್‌ನ ಒಂದು ಟ್ಯೂಬೂ ಒಡೆದಿಲ್ಲ. ಆದರೂ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಉಗುರುಬೆಚ್ಚಗಿನ ನೀರು. ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರದ ಪ್ಲಂಬರ್‌ಗಳಿಗೆ ಇದು ಹೊಸ ದೂರಲ್ಲ. ನಿಗದಿತ ಅಳತೆ ಮೀರಿದ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯವಾದದ್ದು 2007ರಲ್ಲಿ. ಅಲ್ಲಿಂದೀಚೆಗೆ ಈ ಬಡಾವಣೆಗಳ ತಾರಸಿಗಳು ದಕ್ಷಿಣಕ್ಕೆ ಮುಖಮಾಡಿದ ಸೋಲಾರ್‌ಗಳಿಂದ ತುಂಬಿವೆ. ದೂರು ಬಂದಾಗ ಅನುಭವಿ ಪ್ಲಂಬರ್ ಮೊದಲು ರೆಂಚ್ ತೆಗೆಯುವುದಿಲ್ಲ. ಪೈಪುಗಳನ್ನು ಕೈಯಿಂದ ಮುಟ್ಟುತ್ತಾ ಹೋಗುತ್ತಾರೆ.

ಮುಟ್ಟಿದ್ದರಿಂದ ಏನು ತಿಳಿಯುತ್ತದೆ ಎನ್ನಲು ನೀರಿನ ದಾರಿ ಗೊತ್ತಿರಬೇಕು. ಮನೆಯ ಸಾಧಾರಣ ಸೋಲಾರ್‌ಗೆ ಮೋಟಾರೇ ಇಲ್ಲ. ಎತ್ತರದಲ್ಲಿರುವ ತಣ್ಣೀರಿನ ಟ್ಯಾಂಕಿನಿಂದ ನೀರು ತನ್ನ ಭಾರಕ್ಕೇ ಇಳಿದು ಸೋಲಾರ್ ಟ್ಯಾಂಕಿನ ತಳ ಸೇರುತ್ತದೆ. ಅಲ್ಲಿಂದ ಓರೆಯಾಗಿ ಕೂತ ಗಾಜಿನ ಟ್ಯೂಬುಗಳಿಗಿಳಿದು, ಕಾದು, ಹಗುರಾಗಿ, ಮತ್ತೆ ಟ್ಯಾಂಕಿನ ಮೇಲ್ಭಾಗಕ್ಕೆ ಏರುತ್ತದೆ. ಮನೆಗೆ ಬಿಸಿನೀರು ಹೊರಡುವುದು ಆ ಮೇಲ್ಭಾಗದಿಂದ. ಟ್ಯಾಂಕಿನ ನೆತ್ತಿಯ ಮೇಲೆ ಬಾಯಿ ತೆರೆದು ನಿಂತ ಪೈಪು ಏರ್ ವೆಂಟ್. ಹಬೆ ಹೊರಹೋಗುವುದೂ ಗಾಳಿ ಒಳಬರುವುದೂ ಅಲ್ಲಿಂದಲೇ. ಬಿಸಿನೀರಿನ ಲೈನು ಮಹಡಿಗಳಿಗೆ ಕವಲೊಡೆಯುವ ಕಡೆ ಒಂದೊಂದು ಗೇಟ್ ವಾಲ್ವ್ ಇರುತ್ತದೆ, ಅಂದರೆ ಚಕ್ರ ತಿರುಗಿಸಿ ನೀರು ನಿಲ್ಲಿಸುವ ಹಿತ್ತಾಳೆಯ ವಾಲ್ವ್. ತಣ್ಣೀರು ಒಳಬರುವ ಪೈಪಿಗೆ ಎನ್‌ಆರ್‌ವಿ ಹಾಕಿರುತ್ತಾರೆ. ಅದು ನೀರನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಅದರೊಳಗೆ ಕೀಲಿಗೆ ತೂಗುಬಿದ್ದ ಪುಟ್ಟ ಬಿಲ್ಲೆ. ನೀರು ಮುಂದೆ ಹರಿದರೆ ತೆರೆಯುತ್ತದೆ, ಹಿಂದೆ ಬಂದರೆ ಮುಚ್ಚುತ್ತದೆ.

ಎಷ್ಟೋ ಸಲ ದೂರಿನ ಮೂಲ ಬಚ್ಚಲಲ್ಲೇ ಇರುತ್ತದೆ. ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರಿನ ಎರಡೂ ತಿರುಪು ತೆರೆದಿಟ್ಟು ಕೈ ಶವರ್‌ನ ಗುಂಡಿ ಮಾತ್ರ ನಿಲ್ಲಿಸಿದರೆ ಒಳಗೆ ಎರಡೂ ಲೈನುಗಳು ಕೂಡಿಕೊಂಡೇ ಇರುತ್ತವೆ. ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಇದಕ್ಕೆ ‘ಕ್ರಾಸ್ ಆಗ್ತಿದೆ’ ಎನ್ನುತ್ತಾರೆ. ತಣ್ಣೀರಿಗೆ ಮಾತ್ರ ಪ್ರೆಶರ್ ಪಂಪ್ ಕೂರಿಸಿದ ಮನೆಗಳಲ್ಲಿ ಈ ನೀರು ಸೋಲಾರ್ ಟ್ಯಾಂಕಿನವರೆಗೂ ಏರಿ ಏರ್ ವೆಂಟಿನಿಂದ ಉಕ್ಕುವುದುಂಟು.

ಇದನ್ನು ಪತ್ತೆ ಮಾಡುವ ಬಗೆ ನನಗೆ ಇಡೀ ಕಸುಬಿನಲ್ಲೇ ಸೊಗಸಾಗಿ ಕಂಡದ್ದು. ಸೋಲಾರ್‌ನಿಂದ ಹೊರಡುವ ಬಿಸಿನೀರಿನ ವಾಲ್ವನ್ನು ಪೂರ್ತಿ ಮುಚ್ಚಿ, ಕೆಳಗೆ ಬಿಸಿನೀರಿನ ನಲ್ಲಿಯೊಂದನ್ನು ತೆರೆಯುತ್ತಾರೆ. ಪೈಪಿನಲ್ಲಿ ಉಳಿದದ್ದು ಹರಿದು ಧಾರೆ ನಿಲ್ಲಬೇಕು. ನಿಲ್ಲದೆ ಬಿಸಿಯಾಗಿಯೇ ಬರುತ್ತಿದ್ದರೆ ಮುಚ್ಚಿದ ವಾಲ್ವೇ ಕೆಟ್ಟಿದೆ: ಚಕ್ರ ತಿರುಗಿದರೂ ಒಳಗಿನ ಗೇಟು ಕದಲುತ್ತಿಲ್ಲ. ತಣ್ಣಗೆ ಬರುತ್ತಿದ್ದರೆ ಎಲ್ಲೋ ಕ್ರಾಸ್ ಆಗುತ್ತಿದೆ. ಆಮೇಲೆ ಒಂದೊಂದೇ ಬಚ್ಚಲಿನ ಆಂಗಲ್ ಕಾಕ್, ಅಂದರೆ ಅಲ್ಲಿಗೆ ನೀರು ನಿಲ್ಲಿಸುವ ಪುಟ್ಟ ವಾಲ್ವ್, ಮುಚ್ಚುತ್ತಾ ಬರುತ್ತಾರೆ. ಯಾವುದನ್ನು ಮುಚ್ಚಿದಾಗ ಧಾರೆ ನಿಂತಿತೋ ತೊಂದರೆ ಅಲ್ಲಿದೆ. ಒಂದು ಗೋಡೆಯನ್ನೂ ಒಡೆಯದೆ, ಒಂದು ಟೈಲ್ಸನ್ನೂ ಕೀಳದೆ ಉತ್ತರ ಸಿಕ್ಕಿರುತ್ತದೆ.

ಬಚ್ಚಲುಗಳೆಲ್ಲ ಸರಿಯಿದ್ದರೆ ಕೈ ತಣ್ಣೀರಿನ ಪೈಪಿಗೆ ಹೋಗುತ್ತದೆ. ಎನ್‌ಆರ್‌ವಿಯ ಆಚೆಗೂ ಆ ಪೈಪು ಬೆಚ್ಚಗಿದ್ದರೆ ಕಾದ ನೀರು ಹಿಂದಕ್ಕೆ ಏರುತ್ತಿದೆ, ಬಿಲ್ಲೆ ಕೂರುತ್ತಿಲ್ಲ. ಕಾರಣ ಹೆಚ್ಚಾಗಿ ನೀರೇ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಬರುವ ಕಾವೇರಿ ನೀರು ಮೆದು. ಬೋರ್ ನೀರು ಗಡಸು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಬಿಳಿ ಸುಣ್ಣವಾಗಿ ಕಟ್ಟಿಕೊಳ್ಳುತ್ತದೆ. ಸಾಸಿವೆ ಕಾಳಿನಷ್ಟು ಚೂರು ಬಿಲ್ಲೆಯ ಅಂಚಿಗೆ ಸಿಕ್ಕಿಕೊಂಡರೂ ಸಾಕು, ಇಡೀ ರಾತ್ರಿಯ ಬಿಸಿ ಸೋರಿಹೋಗುತ್ತದೆ.

ಎನ್‌ಆರ್‌ವಿ ಬದಲಿಸುವುದಕ್ಕೆ ಹೊತ್ತು ನೋಡಬೇಕು. ಟ್ಯಾಂಕ್ ಖಾಲಿಯಿರುವಾಗ ಬಿಸಿಲು ಬಿದ್ದರೆ ಟ್ಯೂಬಿನ ನೀರು ಕುದಿದು ಆರಿಹೋಗುತ್ತದೆ. ಒಣಗಿದ ಟ್ಯೂಬಿನ ಒಳಗೆ ಶಾಖ 200 ಡಿಗ್ರಿಯವರೆಗೂ ಏರಬಹುದು. ಅದರ ಮೇಲೆ ತಣ್ಣೀರು ಬಿದ್ದರೆ ಗಾಜು ಸೀಳುತ್ತದೆ. ಹಾಗಾಗಿ ಈ ಕೆಲಸ ನಸುಕಿಗೆ ಅಥವಾ ಬಿಸಿಲಿಳಿದ ಮೇಲೆ; ಅನಿವಾರ್ಯವಾದರೆ ಟ್ಯೂಬುಗಳಿಗೆ ಟಾರ್ಪಾಲು ಹೊದಿಸಿ. ಟ್ಯಾಂಕಿನಲ್ಲಿ ಕರೆಂಟಿನ ಹೀಟರ್ ಇದ್ದರೆ ಅದರ ಎಂಸಿಬಿ ಮೊದಲೇ ಇಳಿಸುತ್ತಾರೆ, ನೀರಿಲ್ಲದೆ ಕಾದರೆ ಕಾಯಿಲ್ ಸುಡುತ್ತದೆ.

ತಣ್ಣೀರು ಮುಚ್ಚಿ, ಟ್ಯಾಂಕ್ ಬಸಿದ ಮೇಲೆ ಎರಡು ರೆಂಚ್ ಬೇಕು. ಒಂದು ಪೈಪನ್ನು ಅಲುಗದಂತೆ ಹಿಡಿದಿರಬೇಕು, ಇನ್ನೊಂದು ವಾಲ್ವನ್ನು ತಿರುಗಿಸಬೇಕು. ಒಂದರಲ್ಲೇ ಬಲ ಹಾಕಿದರೆ ಟ್ಯಾಂಕಿನ ಹತ್ತಿರದ ಹಳೆಯ ಜಾಯಿಂಟು ತಿರುಚಿಕೊಳ್ಳುತ್ತದೆ. ಬಿಡಿಸಿದ ಕಡೆಯ ಮರೆಗಳನ್ನು, ಅಂದರೆ ತಿರುಪಿನ ಗೀರುಗಳನ್ನು, ತಂತಿಯ ಬ್ರಷ್ಷಿನಿಂದ ಉಜ್ಜಿ, ಟೆಫ್ಲಾನ್ ಟೇಪನ್ನು ಮರೆ ಕೂರುವ ದಿಕ್ಕಿಗೇ ಬಿಗಿಯಾಗಿ ಸುತ್ತುತ್ತಾರೆ. ತುದಿಯ ಮೊದಲ ಮರೆಯನ್ನು ಮಾತ್ರ ಬರಿದೇ ಬಿಡುತ್ತಾರೆ, ಟೇಪಿನ ಎಳೆ ಒಳಗೆ ಹೋಗಿ ಹೊಸ ಬಿಲ್ಲೆಗೇ ಅಡ್ಡಬರಬಾರದು.

ವಾಲ್ವಿನ ಆಯ್ಕೆಯೂ ಪಳಗಿದವರ ಕೆಲಸವೇ. ಸ್ಪ್ರಿಂಗ್ ಇರುವ ಎನ್‌ಆರ್‌ವಿ ಪಂಪಿನ ಲೈನಿಗೆ ಒಳ್ಳೆಯದು. ಆದರೆ 10 ಮೀಟರ್ ಎತ್ತರದ ನೀರು ಕೊಡುವ ಒತ್ತಡವೇ ಸುಮಾರು ಒಂದು ಬಾರ್. ತಾರಸಿಯ ಮೇಲೆ ಎರಡು ಟ್ಯಾಂಕುಗಳ ನಡುವಿನ ಎತ್ತರ ಬಲು ಕಡಿಮೆ. ಅಷ್ಟು ಒತ್ತಡಕ್ಕೆ ಸ್ಪ್ರಿಂಗ್ ಸರಿಯಾಗಿ ತೆರೆಯದು. ತೂಗುಬಿಲ್ಲೆಯದೇ ಬೇಕು, ಮೈಮೇಲಿನ ಬಾಣದ ಗುರುತು ಟ್ಯಾಂಕಿನ ಕಡೆಗಿರಬೇಕು, ವಾಲ್ವ್ ಮಟ್ಟಸವಾಗಿ ಮಲಗಿರಬೇಕು.

ಕೊನೆಗೆ ತಣ್ಣೀರನ್ನು ನಿಧಾನ ಬಿಡುತ್ತಾರೆ. ಪ್ರತಿ ಮಹಡಿಯಲ್ಲೂ ಬಿಸಿನೀರಿನ ನಲ್ಲಿ ತೆರೆದಿಟ್ಟು ಗಾಳಿ ಉಗುಳುವುದು ನಿಂತು ಧಾರೆ ಒಂದೇ ಸಮ ಬರುವವರೆಗೆ ಕಾಯುತ್ತಾರೆ. ತಣ್ಣಗಿದ್ದಾಗ ಒಣಗಿ ಕಂಡ ಜಾಯಿಂಟು ಕಾದ ಮೇಲೆ ಜಿನುಗಬಹುದು. ಅದಕ್ಕೇ ನುರಿತವರು ಮರುದಿನ ಮಧ್ಯಾಹ್ನ ಇನ್ನೊಮ್ಮೆ ತಾರಸಿ ಹತ್ತಿ, ಜಾಯಿಂಟಿನ ಕೆಳಗೆ ಒಣ ಕಾಗದ ಒತ್ತಿ ನೋಡಿಯೇ ಹೋಗುವುದು.