ಭರ್ಜಿಗೆ ಚಪ್ಪಾಳೆ, ಹೆಸರಿಗೆ ಕಲ್ಲು

ಮೈಸೂರು ದಸರೆಯ ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಕತ್ತು ಚಾಚಿ ಕಾಯುವ ಒಂದು ಆಟವಿದೆ, ಟೆಂಟ್ ಪೆಗ್ಗಿಂಗ್. ನೆಲದಲ್ಲಿ ನೆಟ್ಟ ಮರದ ಗೂಟ, ಅದರತ್ತ ನಾಗಾಲೋಟದಲ್ಲಿ ಬರುವ ಕುದುರೆ. ಸವಾರ ಜೀನಿನಿಂದ ಪಕ್ಕಕ್ಕೆ ಬಾಗಿ, ಭರ್ಜಿಯ ಮೊನೆಗೆ ಗೂಟ ಸಿಕ್ಕಿಸಿಕೊಂಡು ಧೂಳೆಬ್ಬಿಸಿ ಸಾಗುತ್ತಾನೆ. ಸಿಳ್ಳೆ, ಚಪ್ಪಾಳೆ. ಈ ಸವಾರರು ಸರ್ಕಸ್ಸಿನವರಲ್ಲ, ಅರಮನೆಯವರೂ ಅಲ್ಲ. ಕರ್ನಾಟಕ ಪೊಲೀಸ್ ಇಲಾಖೆಯ ಅಶ್ವಾರೋಹಿ ದಳದವರು. ಮೈಸೂರಿಗರ ಬಾಯಲ್ಲಿ 'ಮೌಂಟೆಡ್ ಕಂಪನಿ'.

ಮಾರನೆಯ ದಿನದಿಂದ ಅವರು ಮತ್ತೆ ಲಾಯ, ಹುರುಳಿ, ಮಾಲೀಷು, ಲಾಳದ ಲೋಕಕ್ಕೆ ಮರಳುತ್ತಾರೆ. ಪೊಲೀಸ್ ಕುದುರೆಗೆ ಓಡುವುದನ್ನು ಯಾರೂ ಕಲಿಸಬೇಕಿಲ್ಲ, ನಿಲ್ಲುವುದನ್ನು ಕಲಿಸಬೇಕು. ಹುಟ್ಟಿನಿಂದಲೇ ಪುಕ್ಕಲು ಪ್ರಾಣಿ ಅದು. ಗಾಳಿಗೆ ಹಾರಿದ ಪ್ಲಾಸ್ಟಿಕ್ ಚೀಲಕ್ಕೂ ಬೆದರುತ್ತದೆ. ಅಂಥದ್ದು ತಮಟೆ, ಪಟಾಕಿ, ಸಾವಿರಾರು ಜನರ ಕೂಗಿನ ನಡುವೆ ಕಿವಿ ನಿಮಿರಿಸಿಕೊಂಡು ನಿಂತಿರಬೇಕು. ಅದಕ್ಕೇ ದಸರೆಗೆ ಮುಂಚೆ ಕುಶಾಲತೋಪಿನ ತಾಲೀಮು. ಆನೆಗಳ ಜೊತೆ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ಹಾರಿಸುತ್ತಾರೆ. ಮೊದಲ ಸದ್ದಿಗೆ ಹಿಂಗಾಲೆತ್ತಿ ಕುಣಿದ ಕುದುರೆ, ಬರಬರುತ್ತಾ ಮೇಲಿರುವ ಸವಾರನ ಮೊಣಕಾಲಿನ ಬಿಗಿಯನ್ನು ನಂಬಿ ಸುಮ್ಮನಾಗುತ್ತದೆ. ಗುಂಪು ನಿಯಂತ್ರಣಕ್ಕೆ ಕುದುರೆ ಇಂದಿಗೂ ಬೇಕು ಎನ್ನುವವರ ವಾದದ ತಿರುಳು ಇಷ್ಟೇ: ಸವಾರನ ಕಣ್ಣು ಎಲ್ಲರ ತಲೆಗಿಂತ ಮೇಲಿರುತ್ತದೆ, ಕುದುರೆ ಒಂದು ಹೆಜ್ಜೆ ಇಟ್ಟರೆ ಜನ ತಾವಾಗಿ ದಾರಿ ಬಿಡುತ್ತಾರೆ.

ಅಂದಹಾಗೆ ಕುದುರೆ ನಮ್ಮ ನಾಡಿಗೆ ಯಾವತ್ತೂ ಕಡಲು ದಾಟಿ ಬಂದ ನೆಂಟ. ಒಮಾನಿನ ಕಲ್ಹಾತ್ ಬಂದರಿನಿಂದ ಭಾರತಕ್ಕೆ ಒಳ್ಳೆಯ ಕುದುರೆಗಳು ಹೋಗುತ್ತವೆಂದು ಮಾರ್ಕೊ ಪೋಲೊ ಬರೆದಿಟ್ಟಿದ್ದಾನೆ. ವಿಜಯನಗರದ ಕಾಲಕ್ಕೆ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಭಟ್ಕಳವೂ ಒಂದು. ಆ ಒಮಾನಿನಲ್ಲಿ ಸುಲ್ತಾನ್ ಕಾಬೂಸ್ 1974ರಲ್ಲಿ ರಾಜ ಅಶ್ವದಳ ಕಟ್ಟಿದರು. ಅಲ್ಲಿನ ಕುದುರೆ-ಒಂಟೆಗಳ 'ಅರ್ಧಾ' ಪ್ರದರ್ಶನ 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಕುದುರೆ ಕಳಿಸಿದ ನಾಡು ತನ್ನ ಸವಾರರನ್ನು ಜತನವಾಗಿ ಇಟ್ಟುಕೊಂಡಿದೆ. ತರಿಸಿಕೊಂಡ ನಾವು?

ಮೈಸೂರು ಸಂಸ್ಥಾನದ ಅಶ್ವಸೇನೆ 'ಮೈಸೂರು ಲ್ಯಾನ್ಸರ್ಸ್' ಸ್ವಾತಂತ್ರ್ಯದ ನಂತರ, 1953ರಲ್ಲಿ ಹುಟ್ಟಿದ ಭಾರತೀಯ ಸೇನೆಯ 61ನೇ ಕ್ಯಾವಲ್ರಿಯಲ್ಲಿ ಲೀನವಾಯಿತು. ಮೈಸೂರಿನ ಬೀದಿಯಲ್ಲಿ ಕುದುರೆ, ಭರ್ಜಿ, ರುಮಾಲು ಕಾಣಬೇಕೆಂದರೆ ಈಗ ಉಳಿದಿರುವುದು ಪೊಲೀಸರೇ. ಲ್ಯಾನ್ಸರ್ಸ್ ಬಿಟ್ಟುಹೋದ ಜಾಗದಲ್ಲಿ ನಿಂತ ಈ ಪೊಲೀಸ್ ದಳದ ಬಗ್ಗೆ ಬರೆಯಹೊರಟವರು, ಲ್ಯಾನ್ಸರ್ಸ್ ಕಾದಿದ ಹೈಫಾ ದಾಟದೆ ಮುಂದೆ ಹೋಗುವಂತಿಲ್ಲ.

1918ರ ಸೆಪ್ಟೆಂಬರ್ 23, ಮೊದಲ ಮಹಾಯುದ್ಧದ ಕಾಲ. ಪ್ಯಾಲೆಸ್ತೀನಿನ ಕಡಲತೀರದ ಹೈಫಾ ಪಟ್ಟಣ ತುರ್ಕರ ಕೈಯಲ್ಲಿತ್ತು. ಒಂದು ಪಕ್ಕ ಕಾರ್ಮೆಲ್ ಬೆಟ್ಟ, ಇನ್ನೊಂದು ಪಕ್ಕ ಕಿಶೋನ್ ಹೊಳೆ, ನಡುವೆ ಇಕ್ಕಟ್ಟಾದ ದಾರಿ. ಬೆಟ್ಟದ ಮೇಲೆ ಫಿರಂಗಿ, ಕೆಳಗೆ ಮೆಷಿನ್ ಗನ್. ಹೊಳೆದಂಡೆಯ ಉಸುಕು ಕುದುರೆಯ ಕಾಲನ್ನೇ ನುಂಗುವಂಥದ್ದು. ಜೋಧಪುರದ ಸವಾರರು ಕೆಳಗಿನಿಂದ ನುಗ್ಗುವುದೆಂದೂ ಮೈಸೂರಿನ ಒಂದು ತುಕಡಿ ಬೆಟ್ಟ ಹತ್ತಿ ಮೇಲಿನ ಫಿರಂಗಿಗಳ ಬಾಯಿ ಮುಚ್ಚಿಸುವುದೆಂದೂ ಲೆಕ್ಕ ಹಾಕಿದರು. ಬಯಲುಸೀಮೆಯ ನಮ್ಮ ಹುಡುಗರು ಕಲ್ಲುಬಂಡೆಗಳ ಕಡಿದಾದ ಜಾಡಿನಲ್ಲಿ ಕುದುರೆ ಹತ್ತಿಸಿದರು. ಕೈಯಲ್ಲಿ ಭರ್ಜಿ. ಎದುರಿಗೆ ಇಪ್ಪತ್ತನೆಯ ಶತಮಾನದ ಗುಂಡಿನ ಮಳೆ. ಸಂಜೆಯೊಳಗೆ ಪಟ್ಟಣ ಬಿತ್ತು. ಸೆರೆ ಸಿಕ್ಕವರು 1,350ಕ್ಕೂ ಹೆಚ್ಚು.

ಲೆಕ್ಕದ ಇನ್ನೊಂದು ಮಗ್ಗುಲು: ಸತ್ತ ಸವಾರರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ನನ್ನನ್ನು ಹಿಡಿದು ನಿಲ್ಲಿಸುವುದು ಈ ಅಂಕಿಗಳೇ. ಮನುಷ್ಯರಿಗಿಂತ ಹೆಚ್ಚು ಪೆಟ್ಟು ತಿಂದದ್ದು ಕುದುರೆಗಳು. ಜೋಧಪುರದ ಮೇಜರ್ ದಳಪತ್ ಸಿಂಗ್ ಅಂದು ಮಡಿದರು, ಅವರ ಹೆಸರು ಉಳಿಯಿತು. ದೆಹಲಿಯ ತೀನ್ ಮೂರ್ತಿಯ ಮೂರು ಕಂಚಿನ ಸವಾರರು ಹೈದರಾಬಾದ್, ಮೈಸೂರು, ಜೋಧಪುರಗಳ ದಳಗಳಿಗೆ ಒಬ್ಬೊಬ್ಬರಂತೆ ನಿಂತವರು. ಹಿಂದಿನ ಬಂಗಲೆಗೆ ಅವರಿಂದಲೇ ಹೆಸರು ಬಂತು. ನೆಹರೂ ಇದ್ದ ಮನೆಯೆಂದು ಅದನ್ನು ನೋಡಿ ಬರುವ ಕನ್ನಡಿಗರಲ್ಲಿ, ಮೂವರಲ್ಲೊಬ್ಬ ನಮ್ಮವನೆಂದು ಎಷ್ಟು ಮಂದಿ ತಲೆಯೆತ್ತಿ ನೋಡುತ್ತಾರೋ! 2018ರಲ್ಲಿ ಆ ಮೂರ್ತಿಗಳಿರುವ ವೃತ್ತಕ್ಕೆ ಹೈಫಾದ ಹೆಸರೂ ಸೇರಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಲ್ಯಾನ್ಸರ್ಸ್ ಸ್ಮಾರಕವಿದೆ, ಆ ಯುದ್ಧದಲ್ಲಿ ಮಡಿದ ಮೈಸೂರು ಸವಾರರ ಹೆಸರುಗಳನ್ನು ಕಲ್ಲಿನಲ್ಲಿ ಕೊರೆದಿದ್ದಾರೆ. ಪಕ್ಕದಲ್ಲೇ ವಾಹನಗಳ ಭರಾಟೆ.

ಲ್ಯಾನ್ಸರ್ಸ್ ಸೈನಿಕರಾಯಿತು, ಪೊಲೀಸರ ಕಥೆ ಏನು ಎಂದು ಕೇಳಬಹುದು. ದೇಶದ ಪೊಲೀಸರೆಲ್ಲ ಹುತಾತ್ಮರ ದಿನ ಆಚರಿಸುವ ಅಕ್ಟೋಬರ್ 21ರ ಹಿಂದೆಯೂ ಒಂದು ಕುದುರೆ ಇದೆ. 1959ರ ಆ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್ ಬಳಿ, ಹಿಂದಿರುಗದ ಜೊತೆಗಾರರನ್ನು ಹುಡುಕಿ ಸುಮಾರು ಇಪ್ಪತ್ತು ಮಂದಿಯ ಪೊಲೀಸ್ ತಂಡ ಹೊರಟಿತು. ಮುಂದಾಳು ಕರಮ್ ಸಿಂಗ್ ಕುದುರೆಯ ಮೇಲೆ, ಉಳಿದವರು ಕಾಲ್ನಡಿಗೆಯಲ್ಲಿ. ಗುಡ್ಡದ ಮೇಲಿಂದ ಚೀನೀ ಸೈನಿಕರು ಗುಂಡು ಹಾರಿಸಿದರು, ಗ್ರೆನೇಡ್ ಎಸೆದರು. ಅಡಗಲು ಮರೆ ಇರಲಿಲ್ಲ. 10 ಮಂದಿ ಅಲ್ಲೇ ಬಿದ್ದರು. ದೇಹಗಳು ಕೈಸೇರಿದ್ದು ನವೆಂಬರ್ 13ಕ್ಕೆ. ಹದಿನಾರು ಸಾವಿರ ಅಡಿ ಎತ್ತರದ ಆ ಚಳಿಯಲ್ಲೇ ಅಂತ್ಯಕ್ರಿಯೆ ನಡೆಯಿತು.

ಪೊಲೀಸ್ ಕುದುರೆಯೊಂದು ಹೆಸರಿನ ಸಮೇತ ದೇಶಕ್ಕೆ ಪರಿಚಯವಾದದ್ದು 2016ರಲ್ಲಿ. ಡೆಹ್ರಾಡೂನಿನ ಪ್ರತಿಭಟನೆಯೊಂದರಲ್ಲಿ ಉತ್ತರಾಖಂಡ ಪೊಲೀಸರ ಬಿಳಿ ಕುದುರೆ ಶಕ್ತಿಮಾನ್ ಕಾಲು ಮುರಿದುಕೊಂಡಿತು. ಕಾಲು ಕತ್ತರಿಸಿ ಕೃತಕ ಕಾಲು ಜೋಡಿಸಿದರೂ ಏಪ್ರಿಲ್ 20ರಂದು ಸತ್ತಿತು. ಅದಕ್ಕೊಂದು ಪ್ರತಿಮೆ ನಿಂತದ್ದು, ಅದರ ಸುತ್ತ ಎದ್ದ ರಾಜಕೀಯ, ಪ್ರತಿಮೆಯನ್ನು ತೆಗೆದದ್ದು, ಎಲ್ಲ ಟಿ.ವಿ.ಯಲ್ಲಿ ಬಂತು. ಕಾರ್ಮೆಲ್ ಬೆಟ್ಟದ ತಪ್ಪಲಲ್ಲಿ ಬಿದ್ದ 60ಕ್ಕೆ ಆ ಭಾಗ್ಯವಿಲ್ಲ.

ದಸರೆ ಸಾಮಾನ್ಯವಾಗಿ ಬೀಳುವುದೂ ಸೆಪ್ಟೆಂಬರ್-ಅಕ್ಟೋಬರಿನಲ್ಲೇ. ಹೈಫಾದ ದಿನ, ಜಂಬೂಸವಾರಿ, ಪೊಲೀಸ್ ಹುತಾತ್ಮರ ದಿನ ಹೆಚ್ಚಾಗಿ ಒಂದರ ಬೆನ್ನಿಗೊಂದು ಬರುತ್ತವೆ. ಮೊದಲನೆಯದನ್ನು 61ನೇ ಕ್ಯಾವಲ್ರಿಯವರು ದೂರದ ಜೈಪುರದಲ್ಲಿ ಆಚರಿಸುತ್ತಾರೆ. ಕೊನೆಯದಕ್ಕೆ ಇಲಾಖೆಯವರು, ಮಡಿದವರ ಮನೆಯವರು ಸೇರುತ್ತಾರೆ. ಜನಸಾಗರ ಕಾಣುವುದು ನಡುವಿನದಕ್ಕೆ. ಬನ್ನಿಮಂಟಪದಲ್ಲಿ ಧ್ವನಿವರ್ಧಕ ಇದ್ದೇ ಇರುತ್ತದೆ, ನಿರೂಪಕರೂ ಇರುತ್ತಾರೆ. ಟೆಂಟ್ ಪೆಗ್ಗಿಂಗ್‌ಗೆ ಕುದುರೆಗಳು ಸಾಲುಗಟ್ಟುವಷ್ಟರಲ್ಲಿ ಜೆ.ಸಿ. ನಗರದ ಕಲ್ಲಿನ ಮೇಲಿನ ಹೆಸರುಗಳನ್ನು ಒಮ್ಮೆ ಓದಿ ಮುಗಿಸಬಹುದು. ಈ ವರ್ಷದ ದಸರಾ ಸಮಿತಿ ಇದನ್ನು ಕಿವಿಗೆ ಹಾಕಿಕೊಳ್ಳುತ್ತದೆಂಬ ಭರವಸೆಯೇನೂ ನನಗಿಲ್ಲ.